ಅಧಿಕಾರ ಮುಗಿದರೂ ಮುಗಿಯದ ಕೀಲಿಕೈ: ಪಂಚಾಯತಿ ಗಣಕಯಂತ್ರಗಳಲ್ಲಿ ಉಳಿದಿರುವ ಹಳೆಯ ನೋಂದಣಿಗಳ ನಿರ್ವಹಣೆ

ಗ್ರಾಮ ಪಂಚಾಯತಿಯಲ್ಲಿ ಅಧ್ಯಕ್ಷರಾಗಲಿ, ಪಂಚಾಯತಿ ಅಭಿವೃದ್ಧಿ ಅಧಿಕಾರಿಯಾಗಲಿ ಬದಲಾದಾಗ ಕಪಾಟಿನ ಕೀಲಿಕೈ, ಕಚೇರಿಯ ಮೊಹರು, ಚೆಕ್ ಪುಸ್ತಕ, ನಗದು ಪುಸ್ತಕ, ನಡಾವಳಿ ಪುಸ್ತಕ ಇವೆಲ್ಲವೂ ಪಟ್ಟಿಯ ಪ್ರಕಾರ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತವೆ. ಬ್ಯಾಂಕಿಗೆ ಠರಾವಿನ ಪ್ರತಿಯೊಂದಿಗೆ ಹೊಸ ಮಾದರಿ ಸಹಿ ತಲುಪುತ್ತದೆ, ಹಳೆಯ ಸಹಿ ರದ್ದಾಗುತ್ತದೆ. ಈ ಪದ್ಧತಿ ಹಿರಿಯ ಸದಸ್ಯರೆಲ್ಲರಿಗೂ ತಿಳಿದದ್ದೇ. ಆದರೆ ಈಗ ಪಂಚಾಯತಿಯ ಹಣದ ಬಹುಭಾಗ ಚೆಕ್ಕಿನ ಮೂಲಕ ಹೋಗುವುದಿಲ್ಲ, ಡಿಜಿಟಲ್ ಸಹಿಯ ಮೂಲಕ ಹೋಗುತ್ತದೆ. ಕಚೇರಿಗಳಲ್ಲಿ ಸಾಮಾನ್ಯವಾಗಿ ‘ಡೋಂಗಲ್’ ಎಂದು ಕರೆಯಲಾಗುವ ಆ ಸಣ್ಣ ಸಾಧನವು ಹಸ್ತಾಂತರ ಪಟ್ಟಿಯಲ್ಲಿ ಕಾಣಿಸುವುದು ಅಪರೂಪ. ಅದರ ನೋಂದಣಿಯನ್ನು ತಂತ್ರಾಂಶದಿಂದ ತೆಗೆಯಲಾಗಿದೆಯೇ ಎಂದು ಕೇಳುವವರು ಇನ್ನೂ ಅಪರೂಪ.

ಇದು ಏಕೆ ಗಂಭೀರ ವಿಷಯವೆಂಬುದನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ಡಿಜಿಟಲ್ ಸಹಿ ಪ್ರಮಾಣಪತ್ರದ ಗರಿಷ್ಠ ಅವಧಿ 3 ವರ್ಷ, ಅಂದರೆ 36 ತಿಂಗಳು. ಗ್ರಾಮ ಪಂಚಾಯತಿ ಅಧ್ಯಕ್ಷರ ಅಧಿಕಾರಾವಧಿ 30 ತಿಂಗಳು. ಅಧಿಕಾರ ವಹಿಸಿಕೊಂಡ ದಿನವೇ ಮೂರು ವರ್ಷದ ಪ್ರಮಾಣಪತ್ರ ಪಡೆದರೂ, ಅಧ್ಯಕ್ಷಗಿರಿ ಮುಗಿದ ಮೇಲೆ ಇನ್ನೂ 6 ತಿಂಗಳು ಆ ಸಹಿ ಜೀವಂತವಾಗಿರುತ್ತದೆ. ತಡವಾಗಿ ಪಡೆದಿದ್ದರೆ ಈ ಅವಧಿ ಇನ್ನೂ ಹೆಚ್ಚು. ಕುರ್ಚಿಯಿಂದ ಇಳಿದದ್ದು ಊರಿಗೆಲ್ಲ ಗೊತ್ತಿರಬಹುದು, ಗಣಕಯಂತ್ರಕ್ಕೆ ಯಾರಾದರೂ ಹೇಳದ ಹೊರತು ಗೊತ್ತಾಗುವುದಿಲ್ಲ.

ಈ ವ್ಯವಸ್ಥೆಯು ಜೋಡಿ ಕೀಲಿಕೈಗಳ ಮೇಲೆ ನಿಂತಿದೆ. (ನಮ್ಮ ಭಾಗದಲ್ಲಿ ‘ಕೀಲಿ’ ಎಂದರೆ ಬೀಗವೇ ಆದುದರಿಂದ ಇಲ್ಲಿ ‘ಕೀಲಿಕೈ’ ಎಂಬ ಮಾತನ್ನೇ ಬಳಸಲಾಗಿದೆ.) ಜೋಡಿಯಲ್ಲಿ ಒಂದು ಗುಪ್ತ ಕೀಲಿಕೈ. ಅದು ಡೋಂಗಲ್‌ನ ಒಳಗೇ ಇದ್ದು ಹೊರಗೆ ಬಾರದು, ಪಿನ್ ಸಂಖ್ಯೆ ಒತ್ತಿದಾಗ ಮಾತ್ರ ಒಳಗಿನಿಂದಲೇ ಸಹಿ ಮಾಡಿಕೊಡುತ್ತದೆ. ಇನ್ನೊಂದು ಬಹಿರಂಗ ಕೀಲಿಕೈ. ಅದು ಪ್ರಮಾಣಪತ್ರದ ರೂಪದಲ್ಲಿ ಇ-ಗ್ರಾಮಸ್ವರಾಜ್, ಇ-ಸ್ವತ್ತು ಮುಂತಾದ ತಂತ್ರಾಂಶಗಳಲ್ಲಿ ನೋಂದಣಿಯಾಗಿರುತ್ತದೆ. ಸಹಿಯೊಂದು ಬಂದಾಗ ತಂತ್ರಾಂಶವು ತನ್ನಲ್ಲಿ ನೋಂದಣಿಯಾದ ಪ್ರಮಾಣಪತ್ರದೊಂದಿಗೆ ಅದನ್ನು ತಾಳೆ ನೋಡುತ್ತದೆ. ತಾಳೆಯಾದರೆ ಪಾವತಿ ಮುಂದೆ ಸಾಗುತ್ತದೆ, ಇಲ್ಲವೇ ನಮೂನೆ 9 ಅಥವಾ 11 ಮುದ್ರಣವಾಗುತ್ತದೆ. ಸಹಿ ಮಾಡಿದ ಕೈ ಯಾರದು ಎಂಬುದನ್ನು ಅದು ನೋಡುವುದಿಲ್ಲ, ನೋಡಲು ಸಾಧ್ಯವೂ ಇಲ್ಲ.

ಆದ್ದರಿಂದ ‘ಅಧ್ಯಕ್ಷರ ಡೋಂಗಲ್’ ಎಂಬ ರೂಢಿಯ ಮಾತೇ ದಾರಿ ತಪ್ಪಿಸುವಂಥದು. ಪ್ರಮಾಣಪತ್ರವನ್ನು ಹುದ್ದೆಗೆ ಕೊಡುವುದಿಲ್ಲ, ಹೆಸರುಳ್ಳ ಒಬ್ಬ ವ್ಯಕ್ತಿಗೆ ಕೊಡಲಾಗುತ್ತದೆ. ಹಿಂದಿನ ಅಧ್ಯಕ್ಷರ ಡೋಂಗಲ್ ಅನ್ನು ಹೊಸ ಅಧ್ಯಕ್ಷರು ‘ತಮ್ಮದು ಬರುವವರೆಗೆ’ ಬಳಸಿದರೆ ಕಾಗದದ ಮೇಲೆ ಹಿಂದಿನವರ ಹೆಸರಿನಲ್ಲಿ ಸಹಿ ಹಾಕಿದಂತೆಯೇ ಆಗುತ್ತದೆ. ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ ಪ್ರಕರಣ 42ರ ಪ್ರಕಾರ ಗುಪ್ತ ಕೀಲಿಕೈಯನ್ನು ಎಚ್ಚರದಿಂದ ತನ್ನ ಹತೋಟಿಯಲ್ಲಿಟ್ಟುಕೊಳ್ಳುವುದು ಆಯಾ ಪ್ರಮಾಣಪತ್ರದಾರರ ಕರ್ತವ್ಯ. ಇನ್ನೊಬ್ಬರ ಇಲೆಕ್ಟ್ರಾನಿಕ್ ಸಹಿಯನ್ನು ಅಥವಾ ಪಾಸ್‌ವರ್ಡ್ ಅನ್ನು ಮೋಸದಿಂದ ಬಳಸಿದವರಿಗೆ ಅದೇ ಅಧಿನಿಯಮದ ಪ್ರಕರಣ 66ಸಿ ಅಡಿಯಲ್ಲಿ 3 ವರ್ಷಗಳವರೆಗೆ ಕಾರಾವಾಸ ಮತ್ತು 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು.

ಇದಕ್ಕಿಂತ ಸಾಮಾನ್ಯವಾದ ಲೋಪ ಮತ್ತೊಂದುಂಟು. ಓಡಾಟ ತಪ್ಪಲೆಂದು ಎರಡೂ ಡೋಂಗಲ್‌ಗಳನ್ನು ಒಂದೇ ಮೇಜಿನ ಖಾನೆಯಲ್ಲಿಟ್ಟು, ಪಿನ್ ಸಂಖ್ಯೆಗಳನ್ನು ಚೀಟಿಯಲ್ಲಿ ಬರೆದು ಅವುಗಳಿಗೇ ಅಂಟಿಸುವುದು. ಪಾವತಿಯನ್ನು ಸಿದ್ಧಪಡಿಸುವವರು ಒಬ್ಬರು, ಪರಿಶೀಲಿಸಿ ಒಪ್ಪಿಗೆ ನೀಡುವವರು ಇನ್ನೊಬ್ಬರು ಎಂಬ ಎರಡು ಹಂತದ ಏರ್ಪಾಡು ಇರುವುದೇ ಒಬ್ಬರ ತಪ್ಪನ್ನು ಮತ್ತೊಬ್ಬರು ತಡೆಯಲೆಂದು. ಎರಡೂ ಸಹಿಗಳನ್ನು ಒಂದೇ ಕೈ ಮಾಡುವುದಾದರೆ ಜಂಟಿ ಸಹಿ ಎಂಬುದು ಹೆಸರಿಗಷ್ಟೇ ಉಳಿಯುತ್ತದೆ. ಆ ಕೈ ಪ್ರಾಮಾಣಿಕವಾದದ್ದೇ ಇರಬಹುದು. ಆದರೂ ಮುಂದೆ ವಿಚಾರಣೆ ಬಂದಾಗ ಉತ್ತರ ಹೇಳಬೇಕಾದವರು ಪ್ರಮಾಣಪತ್ರದಲ್ಲಿ ಹೆಸರಿರುವವರೇ.

ಹಳೆಯ ನೋಂದಣಿಗಳು ಉಳಿದುಕೊಳ್ಳುವ ಸಂದರ್ಭಗಳು ಜಿಲ್ಲೆಯಲ್ಲಿ ಹೆಚ್ಚೇ ಇವೆ. 2020ರಲ್ಲಿ ಕೋವಿಡ್ ಕಾರಣದಿಂದ ಚುನಾವಣೆ ಮುಂದಕ್ಕೆ ಹೋಗಿ ಪಂಚಾಯತಿಗಳಿಗೆ ಆಡಳಿತಾಧಿಕಾರಿಗಳ ನೇಮಕವಾಯಿತು. ಡಿಸೆಂಬರ್ 22 ಮತ್ತು 27ರಂದು ಮತದಾನ ನಡೆದು ಅನಂತರ ಹೊಸ ಅಧ್ಯಕ್ಷರು ಬಂದರು. ಹೀಗೆ ಒಂದು ವರ್ಷದೊಳಗೇ ಒಂದು ಪಂಚಾಯತಿಯ ಹೊಣೆ ಮೂವರ ಕೈ ದಾಟಿತು. ಎರಡನೆಯ ಸಂದರ್ಭ ಹೆಚ್ಚುವರಿ ಪ್ರಭಾರ. ಇಂಡಿ ತಾಲ್ಲೂಕಿನ ಅಭಿವೃದ್ಧಿ ಅಧಿಕಾರಿಯೊಬ್ಬರಿಗೆ ನೆರೆಯ ಪಂಚಾಯತಿಯ ಪ್ರಭಾರವನ್ನೂ ವಹಿಸಿದಾಗ ಅವರ ಸಹಿ ಎರಡು ಕಡೆ ನೋಂದಣಿಯಾಗುತ್ತದೆ. ಪ್ರಭಾರ ಮುಗಿದಾಗ ಅಥವಾ ಅವರು ಮುದ್ದೇಬಿಹಾಳಕ್ಕೆ ವರ್ಗವಾದಾಗ ಒಂದು ಕಡೆ ತೆಗೆದು ಮತ್ತೊಂದು ಕಡೆ ಮರೆಯುವುದು ಸುಲಭ. ಮೂರನೆಯದು ತಾಲ್ಲೂಕುಗಳ ಪುನರ್ವಿಂಗಡಣೆ. ಇಂಡಿಯಿಂದ ಚಡಚಣ, ಸಿಂದಗಿಯಿಂದ ದೇವರ ಹಿಪ್ಪರಗಿ ಮತ್ತು ಆಲಮೇಲ, ಮುದ್ದೇಬಿಹಾಳದಿಂದ ತಾಳಿಕೋಟೆ, ಬಸವನ ಬಾಗೇವಾಡಿಯಿಂದ ನಿಡಗುಂದಿ ಮತ್ತು ಕೊಲ್ಹಾರ ಬೇರೆಯಾದಾಗ ಅನೇಕ ಪಂಚಾಯತಿಗಳಿಗೆ ಮೇಲಿನ ಕಚೇರಿಯೇ ಬದಲಾಯಿತು. ಅಂಥ ಪಂಚಾಯತಿಗಳು ತಮ್ಮ ನೋಂದಣಿಗಳಿಗೆ ಈಗ ಅನುಮೋದನೆ ನೀಡುವ ಕಚೇರಿ ಯಾವುದೆಂಬುದನ್ನು ಒಮ್ಮೆ ಖಚಿತಪಡಿಸಿಕೊಳ್ಳುವುದು ಅಗತ್ಯ.

ಹಾಗಾದರೆ ಹಳೆಯದನ್ನು ಕೂಡಲೇ ಏಕೆ ತೆಗೆಯುವುದಿಲ್ಲ? ಇದಕ್ಕೆ ಕಾರಣ ಸೋಮಾರಿತನವೊಂದೇ ಅಲ್ಲ. ಹೊಸ ಪ್ರಮಾಣಪತ್ರ ಪಡೆದು, ನೋಂದಾಯಿಸಿ, ಮೇಲಿನ ಹಂತದಲ್ಲಿ ಅನುಮೋದನೆಯಾಗಲು ಸಮಯ ಹಿಡಿಯುತ್ತದೆ. ಹಳೆಯದನ್ನು ಮೊದಲೇ ತೆಗೆದರೆ ನೀರುಗಂಟಿಯ ವೇತನ, ಬೀದಿದೀಪದ ಬಿಲ್ಲು, ಬೇಸಿಗೆಯಾದರೆ ಟ್ಯಾಂಕರ್ ನೀರಿನ ಬಾಕಿ ಎಲ್ಲವೂ ನಿಲ್ಲುತ್ತವೆ ಎಂಬ ಅಂಜಿಕೆ ಇರುತ್ತದೆ. ಅಂಜಿಕೆ ಸಹಜವೇ. ಆದರೆ ಅದಕ್ಕೆ ಪರಿಹಾರ ಹಳೆಯ ಸಹಿಯನ್ನು ಮುಂದುವರಿಸುವುದಲ್ಲ. ಹೊಸ ಅಧ್ಯಕ್ಷರ ಆಯ್ಕೆಯಾದ ಕೂಡಲೇ ಪ್ರಮಾಣಪತ್ರಕ್ಕೆ ಅರ್ಜಿ ಸಲ್ಲಿಸಿ, ಮೊದಲ ಸಭೆಯಲ್ಲಿಯೇ ಹಳೆಯದರ ನಿಷ್ಕ್ರಿಯತೆ ಮತ್ತು ಹೊಸದರ ನೋಂದಣಿ ಎರಡಕ್ಕೂ ಒಂದೇ ಠರಾವು ಮಾಡಬಹುದು. ಒಂದು ಸಹಿ ಬಿದ್ದು ಇನ್ನೊಂದಕ್ಕಾಗಿ ಕಾದಿರುವ ಪಾವತಿಗಳಿದ್ದರೆ ಅವುಗಳ ಪಟ್ಟಿ ಮಾಡಿ ಆ ಸಭೆಯ ಮುಂದಿಡತಕ್ಕದ್ದು. ಹೊಸ ಸಹಿ ಬರುವುದು ಕೆಲವು ದಿನ ತಡವಾದರೆ ಜನರಿಗೆ ಕಾರಣ ಹೇಳಬಹುದು. ಅಧಿಕಾರವಿಲ್ಲದವರ ಸಹಿಯಿಂದ ಹಣ ಹೋದರೆ ಹೇಳಲು ಕಾರಣವಿರುವುದಿಲ್ಲ.

ತೆಗೆಯುವುದೆಂದರೆ ನಾಶಪಡಿಸುವುದಲ್ಲ ಎಂಬುದನ್ನೂ ಗಮನಿಸಬೇಕು. ನೋಂದಣಿ ನಿಷ್ಕ್ರಿಯವಾದ ಮೇಲೂ, ಪ್ರಮಾಣಪತ್ರ ರದ್ದಾದ ಮೇಲೂ, ಅದು ಊರ್ಜಿತವಿದ್ದಾಗ ಮಾಡಿದ ಸಹಿಗಳು ಸಿಂಧುವಾಗಿಯೇ ಇರುತ್ತವೆ. ಲೆಕ್ಕಪರಿಶೋಧನೆಯಲ್ಲಿ ಅಥವಾ ಜಮಾಬಂದಿಯಲ್ಲಿ ಯಾವ ತಾರೀಖಿನಲ್ಲಿ ಯಾರ ಸಹಿ ಚಾಲ್ತಿಯಲ್ಲಿತ್ತು ಎಂಬ ಪ್ರಶ್ನೆ ಬಂದೇ ಬರುತ್ತದೆ. ಆದ್ದರಿಂದ ಪ್ರಮಾಣಪತ್ರದ ಕ್ರಮಸಂಖ್ಯೆ, ಹೆಸರು, ನೋಂದಣಿಯ ದಿನಾಂಕ, ನಿಷ್ಕ್ರಿಯಗೊಳಿಸಿದ ದಿನಾಂಕ ಇವಿಷ್ಟನ್ನು ಒಂದು ವಹಿಯಲ್ಲಿ ಬರೆದಿಡುವುದು ಒಳ್ಳೆಯದು. ಪ್ರಮಾಣಪತ್ರದಲ್ಲಿ ವ್ಯಕ್ತಿಯ ಹೆಸರಿನೊಂದಿಗೆ ಸಂಸ್ಥೆಯ ಹೆಸರೂ ಇದ್ದರೆ ಅದನ್ನು ನೀಡಿದ ಪ್ರಾಧಿಕಾರಕ್ಕೆ ಬರೆದು ರದ್ದುಪಡಿಸಬೇಕಾಗುತ್ತದೆ. ಕೇವಲ ವೈಯಕ್ತಿಕ ಪ್ರಮಾಣಪತ್ರವಾಗಿದ್ದರೆ ತಂತ್ರಾಂಶದ ನೋಂದಣಿಯನ್ನು ತೆಗೆದರೆ ಸಾಕು. ಡೋಂಗಲ್ ಅವರದೇ, ಅದನ್ನು ಅವರಿಗೇ ಕೊಟ್ಟು ಸ್ವೀಕೃತಿ ಪಡೆಯುವುದು.

ಇದುವರೆಗೆ ಹೇಳಿದ್ದು ಮನುಷ್ಯರ ಕೀಲಿಕೈಗಳ ಮಾತು. ಯಂತ್ರಗಳಿಗೂ ಇಂಥವೇ ಕೀಲಿಕೈಗಳುಂಟು. ದೂರದ ಸರ್ವರ್‌ಗಳನ್ನು ನೋಡಿಕೊಳ್ಳುವ ತಾಂತ್ರಿಕ ಸಿಬ್ಬಂದಿ ಅವುಗಳನ್ನು ಎಸ್‌ಎಸ್‌ಎಚ್ ಎಂಬ ವಿಧಾನದಿಂದ ಸಂಪರ್ಕಿಸುತ್ತಾರೆ. ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿದ್ದ ತಾತು ಯಲೊನೆನ್ ಎಂಬುವರು, ಅಲ್ಲಿನ ಜಾಲದಲ್ಲಿ ಪಾಸ್‌ವರ್ಡ್‌ಗಳ ಕಳವು ನಡೆದ ಬಳಿಕ, 1995ರಲ್ಲಿ ಇದನ್ನು ರೂಪಿಸಿದರು. ಮೊದಲ ಸಲ ಸಂಪರ್ಕಿಸಿದಾಗ ಸರ್ವರ್ ತನ್ನ ಗುರುತಿನ ಕೀಲಿಕೈಯನ್ನು ತೋರಿಸುತ್ತದೆ. ಈಚೆಯ ಗಣಕಯಂತ್ರ ಅದನ್ನು ಸರ್ವರ್‌ನ ಹೆಸರಿನೊಂದಿಗೆ ಒಂದು ಪಟ್ಟಿಯಲ್ಲಿ ಬರೆದಿಟ್ಟುಕೊಂಡು, ಮುಂದೆ ಪ್ರತಿ ಸಲವೂ ತಾಳೆ ನೋಡುತ್ತದೆ. ಕೀಲಿಕೈ ಬೇರೆಯಾಗಿದ್ದರೆ ಎಚ್ಚರಿಕೆ ಕೊಟ್ಟು ಸಂಪರ್ಕವನ್ನು ತಡೆಯುತ್ತದೆ.

ಆ ಎಚ್ಚರಿಕೆಗೆ ಎರಡು ಕಾರಣಗಳಿರಬಹುದು. ಸರ್ವರ್ ಅನ್ನು ನಿಜವಾಗಿಯೂ ಬದಲಿಸಿರಬಹುದು. ಇಲ್ಲವೇ ನಡುವೆ ಬೇರೆ ಯಾರೋ ಸರ್ವರ್‌ನ ವೇಷದಲ್ಲಿ ಕುಳಿತಿರಬಹುದು. ಪರದೆಯ ಮೇಲೆ ಇವೆರಡೂ ಒಂದೇ ಬಗೆಯಾಗಿ ಕಾಣುತ್ತವೆ. ಗಿಟ್‌ಹಬ್ ಎಂಬ ಜಗತ್ಪ್ರಸಿದ್ಧ ತಂತ್ರಾಂಶ ಸಂಗ್ರಹಾಗಾರದ ಗುಪ್ತ ಕೀಲಿಕೈಯೊಂದು ಕೆಲಹೊತ್ತು ಸಾರ್ವಜನಿಕವಾಗಿ ಬಯಲಾದುದರಿಂದ ಅದು 2023ರ ಮಾರ್ಚ್ 24ರಂದು ತನ್ನ ಕೀಲಿಕೈಯನ್ನು ಬದಲಿಸಿತು. ಹಳೆಯ ಕೀಲಿಕೈಯನ್ನು ನೆನಪಿಟ್ಟುಕೊಂಡಿದ್ದ ಗಣಕಯಂತ್ರಗಳಲ್ಲಿ ಇದೇ ಎಚ್ಚರಿಕೆ ಮೂಡಿತು. ಸಂಸ್ಥೆಯು ಹೊಸ ಕೀಲಿಕೈಯ ಗುರುತನ್ನು ತನ್ನ ಜಾಲತಾಣದಲ್ಲಿ ಪ್ರಕಟಿಸಿತು. ಅದರೊಂದಿಗೆ ಹೋಲಿಸಿ ನೋಡಿದ ಬಳಿಕ ಹಳೆಯ ಸಾಲನ್ನು ಅಳಿಸುವುದು ಸರಿಯಾದ ಕ್ರಮ. ಎಚ್ಚರಿಕೆ ಕಂಡೊಡನೆ ಸಾಲನ್ನು ಅಳಿಸಿ ‘ಹೌದು’ ಎಂದು ಒತ್ತುವುದು ತಪ್ಪು ಕ್ರಮ, ಮತ್ತು ತಾಂತ್ರಿಕ ಸಿಬ್ಬಂದಿಯಲ್ಲೂ ಇದೇ ಹೆಚ್ಚು ರೂಢಿಯಲ್ಲಿದೆ ಎನ್ನದೆ ವಿಧಿಯಿಲ್ಲ.

ಪಟ್ಟಿಯನ್ನು ಶುಚಿಗೊಳಿಸುವಾಗಲೂ ಮಿತಿ ಬೇಕು. ಜಿಲ್ಲೆಯ ಹೆಸರು 2014ರ ನವೆಂಬರ್ 1ರಂದು ಬಿಜಾಪುರದಿಂದ ವಿಜಯಪುರವಾದಾಗ ಊರು ಬದಲಾಗಲಿಲ್ಲ, ಹಳೆಯ ವಿಳಾಸ ಬರೆದ ವಹಿಗಳು ಹಾಗೆಯೇ ಉಳಿದವು. ಸರ್ವರ್‌ಗೆ ಹೊಸ ಹೆಸರಿಟ್ಟಾಗಲೂ ಹಳೆಯ ಹೆಸರಿನ ಸಾಲು ಹೀಗೆಯೇ ಪಟ್ಟಿಯಲ್ಲಿ ಉಳಿಯುತ್ತದೆ. ಮುಂದೆ ಆ ಹೆಸರನ್ನು ಬೇರೆ ಯಂತ್ರಕ್ಕೆ ಕೊಟ್ಟರೆ ಗೊಂದಲ ಎದ್ದೇಳುತ್ತದೆ. ಅಂಥ ಸಾಲನ್ನು ಮಾತ್ರ ತೆಗೆಯುವ ಆದೇಶವಿದೆ, ಅದು ಹಿಂದಿನ ಪಟ್ಟಿಯ ಪ್ರತಿಯನ್ನೂ ಉಳಿಸಿಕೊಳ್ಳುತ್ತದೆ. ಇಡೀ ಪಟ್ಟಿಯನ್ನೇ ಅಳಿಸಿದರೆ ಪರಿಚಿತ ಸರ್ವರ್‌ಗಳೆಲ್ಲ ಅಪರಿಚಿತವಾಗುತ್ತವೆ, ಆಗ ವೇಷಧಾರಿಯನ್ನು ಗುರುತಿಸುವ ದಾರಿಯೇ ಇರುವುದಿಲ್ಲ.

ಪಂಚಾಯತಿ ಕಚೇರಿಯಲ್ಲಿ ಇದರ ಸಮೀಪದ ರೂಪವೆಂದರೆ ಬ್ರೌಸರ್‌ನಲ್ಲಿ ಕಾಣುವ ‘ಈ ತಾಣ ಸುರಕ್ಷಿತವಲ್ಲ’ ಎಂಬ ಸೂಚನೆ. ಎಷ್ಟೋ ಸಲ ಇದಕ್ಕೆ ಕಾರಣ ಅತಿ ಸಣ್ಣದು. ಗಣಕಯಂತ್ರದ ಒಳಗಿನ ಗುಂಡಿಯಾಕಾರದ ಬ್ಯಾಟರಿ ತೀರಿ, ವಿದ್ಯುತ್ ಹೋಗಿ ಬಂದಾಗ ಯಂತ್ರದ ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗಿರುತ್ತದೆ. ಆಗ ಇಂದಿನ ಪ್ರಮಾಣಪತ್ರ ಇನ್ನೂ ಹುಟ್ಟಿಯೇ ಇಲ್ಲವೆಂದು ಯಂತ್ರ ಭಾವಿಸುತ್ತದೆ. ದಿನಾಂಕ ಸರಿಪಡಿಸಿ, ಬ್ಯಾಟರಿ ಬದಲಿಸಿದರೆ ಸೂಚನೆ ಮಾಯವಾಗುತ್ತದೆ. ದಿನಾಂಕ ಸರಿಯಿದ್ದೂ ಸೂಚನೆ ಉಳಿದರೆ ಪಾಸ್‌ವರ್ಡ್ ಆಗಲಿ ಪಿನ್ ಆಗಲಿ ಒತ್ತದೆ, ಮೊದಲೇ ತಿಳಿದಿರುವ ದೂರವಾಣಿ ಸಂಖ್ಯೆಗೆ ಕರೆಮಾಡಿ ತಾಲ್ಲೂಕು ಪಂಚಾಯತಿಯಲ್ಲಿ ವಿಚಾರಿಸತಕ್ಕದ್ದು. ಪರದೆಯ ಮೇಲೆಯೇ ತೋರಿದ ಸಂಖ್ಯೆಗೆ ಕರೆಮಾಡಬಾರದು.

ಸದಸ್ಯರು ಈ ಯಂತ್ರಗಳನ್ನು ತಾವೇ ಮುಟ್ಟಬೇಕಾಗಿಲ್ಲ. ಸಾಮಾನ್ಯ ಸಭೆಯಲ್ಲಿ ಜಮಾ-ಖರ್ಚು ಮಂಡನೆಯಾಗುವಾಗ ಈ ದಿನ ಯಾವ ತಂತ್ರಾಂಶದಲ್ಲಿ ಯಾರ ಯಾರ ಸಹಿ ಚಾಲ್ತಿಯಲ್ಲಿದೆ, ಅವು ಎಂದು ಮುಗಿಯುತ್ತವೆ, ಡೋಂಗಲ್‌ಗಳು ಈಗ ಯಾರ ಬಳಿ ಇವೆ ಎಂದು ಕೇಳುವ ಹಕ್ಕು ಅವರಿಗಿದೆ. ಉತ್ತರವನ್ನು ನಡಾವಳಿಯಲ್ಲಿ ದಾಖಲಿಸುವಂತೆ ಕೋರಬಹುದು. ಡೋಂಗಲ್ ಕಳೆದುಹೋದ ಸಂದರ್ಭದಲ್ಲಿ ಮಾತ್ರ ಸಭೆಗಾಗಿ ಕಾಯುವಂತಿಲ್ಲ. ಅದರ ಒಡೆಯರು ಅದೇ ದಿನ ಪ್ರಮಾಣಪತ್ರ ನೀಡಿದ ಪ್ರಾಧಿಕಾರಕ್ಕೆ ತಿಳಿಸಿ ಅದನ್ನು ರದ್ದುಪಡಿಸಿಕೊಳ್ಳಬೇಕು, ತಾಲ್ಲೂಕು ಪಂಚಾಯತಿ ಕಾರ್ಯನಿರ್ವಾಹಕ ಅಧಿಕಾರಿಗೆ ಲಿಖಿತವಾಗಿ ತಿಳಿಸಿ ತಂತ್ರಾಂಶದ ನೋಂದಣಿಯನ್ನು ನಿಷ್ಕ್ರಿಯಗೊಳಿಸಬೇಕು, ಪೊಲೀಸ್ ಠಾಣೆಯಲ್ಲಿ ದೂರು ಸಲ್ಲಿಸಿ ಸ್ವೀಕೃತಿ ಪಡೆಯಬೇಕು. ಆ ಸ್ವೀಕೃತಿಯ ಪ್ರತಿಯನ್ನು ಮೇಲೆ ಹೇಳಿದ ವಹಿಗೇ ಲಗತ್ತಿಸುವುದು.