ತೂಕದ ಯಂತ್ರಕ್ಕೆ ಸಿಗದ ಲೆಕ್ಕ

ಪ್ರಶ್ನೆ ಐದು, ಖರ್ಚು ಸೊನ್ನೆ. ಲಂಡನ್ನಿನ ವೈದ್ಯರು 1999ರಲ್ಲಿ ಪ್ರಕಟಿಸಿದ ‘ಸ್ಕಾಫ್’ ಪಟ್ಟಿ ಇಷ್ಟೇ. ಹೊಟ್ಟೆ ಬಿರಿಯುವಂತಾಯಿತೆಂದು ಬೇಕೆಂದೇ ವಾಂತಿ ಮಾಡಿಕೊಳ್ಳುತ್ತೀರಾ? ತಿನ್ನುವುದು ಕೈಮೀರಿದೆ ಎಂಬ ಚಿಂತೆ ಇದೆಯೇ? ಮೂರು ತಿಂಗಳಲ್ಲಿ ಆರು ಕೆ.ಜಿ.ಗಿಂತ ಹೆಚ್ಚು ಇಳಿದಿದ್ದೀರಾ? ಉಳಿದವರು ಸಣಕಲು ಎಂದರೂ ನೀವು ದಪ್ಪಗಿದ್ದೀರಿ ಎಂದೇ ಅನ್ನಿಸುತ್ತದೆಯೇ? ಊಟದ ಯೋಚನೆಯೇ ಬದುಕನ್ನು ಆಳುತ್ತಿದೆಯೇ? ಎರಡಕ್ಕೆ ‘ಹೌದು’ ಎಂದರೆ ಈಟಿಂಗ್ ಡಿಸಾರ್ಡರ್ ಇರಬಹುದು, ಖಚಿತಪಡಿಸುವವರು ವೈದ್ಯರು.

ಐದರಲ್ಲಿ ತೂಕ ಕೇಳುವುದು ಒಂದೇ ಪ್ರಶ್ನೆ. ನಾವೋ ಯಂತ್ರ ಹತ್ತಿ ಇಳಿದು, ಎಲ್ಲ ಸರಿ ಇದೆ ಎಂದುಕೊಳ್ಳುತ್ತೇವೆ. ವಾಂತಿ ಮಾಡಿಕೊಳ್ಳುವವರ ತೂಕ ಸರಿಯಾಗಿದ್ದೂ ರಕ್ತದ ಪೊಟ್ಯಾಸಿಯಂ ಲೀಟರಿಗೆ 3.5 ಮಿಲಿಮೋಲ್‌ಗಿಂತ ಕೆಳಗಿಳಿದಿರಬಹುದು. ತೀರಾ ಕುಸಿದರೆ ಹೃದಯದ ಬಡಿತವೇ ತಾಳ ತಪ್ಪುತ್ತದೆ.

ಎಣಿಸಬೇಕಾದ್ದು ಸಲಗಳನ್ನು. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ವಿಪರೀತ ತಿಂದು ವಾಂತಿ ಮಾಡಿಕೊಳ್ಳುವಂಥ ಬುಲಿಮಿಯಾಗೆ ವಾರಕ್ಕೆ ಎರಡು ಸಲ ಎಂದಿದ್ದ ಅಳತೆ 2013ರಲ್ಲಿ ಒಂದಕ್ಕಿಳಿಯಿತು: ವಾರಕ್ಕೊಮ್ಮೆಯಂತೆ ಮೂರು ತಿಂಗಳು. ಹಿಡಿತ ತಪ್ಪಿ ಮುಕ್ಕಿ, ಆಮೇಲೆ ವಾಂತಿ ಮಾಡದೆ ನಾಚಿಕೆಯಲ್ಲೇ ಕುಗ್ಗುವವರ ತೊಂದರೆಗೂ ಅದೇ ವರ್ಷ ಪ್ರತ್ಯೇಕ ಸ್ಥಾನ, ಅದೇ ಅಳತೆ. ಅಲ್ಲಿನ ಸಮೀಕ್ಷೆಯೊಂದು 2007ರಲ್ಲಿ ಹೇಳಿದಂತೆ ಜೀವಮಾನದಲ್ಲಿ ಒಮ್ಮೆಯಾದರೂ ಇದಕ್ಕೆ ತುತ್ತಾಗುವವರು ಹೆಂಗಸರಲ್ಲಿ ಶೇ 3.5, ಗಂಡಸರಲ್ಲಿ ಶೇ 2. ‘ಹುಡುಗಿಯರ ಕಾಯಿಲೆ’ ಎನ್ನುವವರು ಎರಡನೆಯ ಅಂಕಿಯನ್ನು ನೋಡಲಿ.

ದುಡ್ಡಿನ ಲೆಕ್ಕವೂ ಉಂಟು. 2018–19ರಲ್ಲಿ ಈ ಕಾಯಿಲೆಗಳಿಂದ ಅಮೆರಿಕಕ್ಕಾದ ಹೊರೆ 6,470 ಕೋಟಿ ಡಾಲರ್ ಎಂದು ಅಂದಾಜು. ಚಿಕಿತ್ಸೆಗೆ ಹೋದದ್ದು ನೂರಕ್ಕೆ ಏಳು ಮಾತ್ರ. ಮುಕ್ಕಾಲು ಪಾಲು ದುಡಿಮೆಯ ನಷ್ಟ.

ನಮ್ಮಲ್ಲಿ ಗುರುತಿಸುವುದು ಇನ್ನೂ ಕಷ್ಟ. ಸಂಕಷ್ಟಿ, ಏಕಾದಶಿ, ‘ಗ್ಯಾಸ್ಟ್ರಿಕ್’ ಎಂಬ ಮರೆಗಳಿವೆ. ಸಂಕಷ್ಟಿ ಹಿಡಿದವರಿಗೆ ಚಂದ್ರೋದಯದ ಬಳಿಕ ಊಟ, ಏಕಾದಶಿ ಹಿಡಿದವರಿಗೆ ಮರುದಿನ ಪಾರಣೆ ಇರುತ್ತದೆ. ಈ ಕಾಯಿಲೆ ಇರುವವರು ಅದನ್ನೂ ಮುಂದೂಡಲು ನೆಪ ಹುಡುಕುತ್ತಾರೆ. ಹಾಗಾಗಿ ನಾನೊಂದು ಪ್ರಶ್ನೆ ಸೇರಿಸುತ್ತೇನೆ, ಇದು ವೈದ್ಯರದ್ದಲ್ಲ: ‘ಊಟ ಆಯ್ತಾ?’ ಎಂದವರಿಗೆ ಈ ವಾರ ಎಷ್ಟು ಸಲ ‘ಆಯ್ತು’ ಎಂದು ಸುಳ್ಳು ಹೇಳಿದಿರಿ?

ಉತ್ತರ ಕಸಿವಿಸಿ ತಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ವೈದ್ಯರ ಬಳಿ ಹೋದಾಗ ತೂಕದ ಜೊತೆಗೆ ವಾಂತಿಯ, ಬಿಟ್ಟ ಊಟದ ಲೆಕ್ಕವನ್ನೂ ಹೇಳಿ. ಪೊಟ್ಯಾಸಿಯಂ ಮತ್ತು ಇಸಿಜಿ ಬೇಕೇ ಎಂದು ನೀವೇ ಕೇಳಿ.