ಹಳೆಯ ಸ್ಪೀಕರ್‌ನ ದನಿ ಒಂದೇ ಕಡೆಗೆ ಎಳೆಯುತ್ತಿದೆಯೇ? ಪೆಟ್ಟಿಗೆ ಬಿಚ್ಚುವ ಮುನ್ನ ಇಷ್ಟು ನೋಡಿ

ಅಪ್ಪನ ಕಾಲದ ದೊಡ್ಡ ಸ್ಪೀಕರ್ ಜೋಡಿಯನ್ನು ಅಟ್ಟದಿಂದ ಇಳಿಸುತ್ತೀರಿ. ಅಥವಾ ಎಪ್ಪತ್ತರ ದಶಕದ ಹೆಸರಾಂತ ಜೋಡಿಯೊಂದನ್ನು ಒಳ್ಳೆಯ ಬೆಲೆ ಕೊಟ್ಟು ತರುತ್ತೀರಿ. ಧೂಳು ಒರೆಸಿ, ವೈರು ಸಿಕ್ಕಿಸಿ, ಇಷ್ಟದ ಹಾಡು ಹಾಕಿದರೆ ಏನೋ ಸರಿಯಿಲ್ಲ. ಹಾಡುವವರ ದನಿ ನಡುವಿನಿಂದ ಬರಬೇಕಿತ್ತು, ಅದು ಎಡಕ್ಕೆ ಎಳೆದಂತೆ ಕೇಳುತ್ತದೆ. ಬೇಸ್ ಒಂದೋ ಇಲ್ಲವೇ ಇಲ್ಲ, ಇಲ್ಲವೇ ಕಿವಿಗೆ ರಾಚುತ್ತದೆ.

ಆಗ ಫೋನಿಗೆ ಸಲಹೆಗಳು ಬರತೊಡಗುತ್ತವೆ. "ಚಿನ್ನದ ಲೇಪನದ ಕೇಬಲ್ ಹಾಕಿ." "ಒಳಗಿನ ಕೆಪಾಸಿಟರ್ ಎಲ್ಲ ಬದಲಿಸಿ." "ಯಾವ ಸ್ಪೀಕರ್ ಆದರೂ ಗೋಡೆಯಿಂದ ಮೂರು ಅಡಿ ದೂರ ಇಡಲೇಬೇಕು." "ಸಣ್ಣ ಆಂಪ್ಲಿಫೈಯರ್ ಹಾಕಿದರೆ ದೊಡ್ಡ ಸ್ಪೀಕರ್ ಯಾವತ್ತೂ ಸುಡುವುದಿಲ್ಲ." ಇವುಗಳಲ್ಲಿ ಯಾವುದು ನಿಜ? ಒಂದೊಂದಾಗಿ ನೋಡೋಣ.

ಮೊದಲೇ ಹೇಳಿಬಿಡುತ್ತೇವೆ: ಸ್ಪೀಕರ್ ಒಂದರಿಂದಲೇ ದನಿ ಆಗುವುದಿಲ್ಲ. ಸ್ಪೀಕರ್, ಆಂಪ್ಲಿಫೈಯರ್, ವೈರು, ಕೋಣೆ, ಕೊನೆಗೆ ನಿಮ್ಮ ಕಿವಿ, ಈ ಐದೂ ಸೇರಿ ನೀವು ಕೇಳುವ ದನಿಯಾಗುತ್ತದೆ. ತಪ್ಪು ಈ ಐದರಲ್ಲಿ ಎಲ್ಲಿದೆ ಎಂದು ತಿಳಿಯದೆ ಸ್ಕ್ರೂಡ್ರೈವರ್ ಹಿಡಿದರೆ, ಚೆನ್ನಾಗಿದ್ದ ಹಳೆಯ ವಸ್ತುವನ್ನೇ ಕೆಡಿಸಿಕೊಳ್ಳುತ್ತೇವೆ.

ಹಾಡು ಹಾಕುವ ಮುನ್ನ ಏನು ನೋಡಬೇಕು?

ಮುಂದಿನ ಬಟ್ಟೆಯ ಜಾಲರಿಯನ್ನು ಮೆಲ್ಲಗೆ ತೆಗೆದು, ದೊಡ್ಡ ಕೋನ್‌ನ ಅಂಚನ್ನು ನೋಡಿ. ಅಲ್ಲಿ ಕೋನ್ ಮುಂದಕ್ಕೂ ಹಿಂದಕ್ಕೂ ಆಡಲು ಬಿಡುವ ಒಂದು ಮೆತ್ತನೆಯ ಉಂಗುರ ಇರುತ್ತದೆ. ಎಪ್ಪತ್ತು, ಎಂಬತ್ತರ ದಶಕದ ಎಷ್ಟೋ ಸ್ಪೀಕರ್‌ಗಳಲ್ಲಿ ಇದು ಫೋಮ್‌ನದು. ಗಾಳಿಯ ತೇವ ಮತ್ತು ಶಾಖಕ್ಕೆ ಆ ಫೋಮ್ ಸುಮಾರು 15-20 ವರ್ಷಗಳಲ್ಲಿ ಶಿಥಿಲವಾಗಿ, ಮುಟ್ಟಿದರೆ ಪುಡಿಯಾಗುತ್ತದೆ. ಬಳಸದೆ ಕಟ್ಟಿಟ್ಟರೂ ಇದು ತಪ್ಪುವುದಿಲ್ಲ. ಕರಾವಳಿಯಂತಹ ತೇವದ ಊರಿನಲ್ಲಿದ್ದರಂತೂ ಇನ್ನೂ ಬೇಗ. ಬಟ್ಟೆ ಅಥವಾ ರಬ್ಬರ್ ಉಂಗುರವಿದ್ದರೆ ಬಾಳಿಕೆ ಹೆಚ್ಚು.

ಫೋಮ್ ಹರಿದಿದ್ದರೆ ಹಾಡು ಹಾಕಬೇಡಿ. ಕೋನ್ ಓರೆಯಾಗಿ ಆಡಿ, ಹಿಂದಿರುವ ತಂತಿಸುರುಳಿ ಅಯಸ್ಕಾಂತಕ್ಕೆ ಉಜ್ಜಿ ಹಾಳಾಗುತ್ತದೆ. ಸೆಲ್ಲೋಟೇಪ್, ಫೆವಿಕಾಲ್ ಉಪಾಯಗಳೂ ಬೇಡ. ಅದೇ ಅಳತೆಯ ಹೊಸ ಫೋಮ್ ಅಂಟಿಸುವುದು ತಿಳಿದವರಿಗೆ ಸಾಮಾನ್ಯ ಕೆಲಸ. ಕೋನ್ ಮೂಲದ್ದೇ ಉಳಿಯುವುದರಿಂದ ದನಿಯೂ ಬಹುಮಟ್ಟಿಗೆ ಉಳಿಯುತ್ತದೆ. ಒಂದೇ ಹರಿದಿದ್ದರೂ ಎರಡಕ್ಕೂ ಹಾಕಿಸಿ.

ಎರಡು ಕಡೆ ಕಡ್ಡಾಯವಾಗಿ ಎಚ್ಚರ ಬೇಕು. 1957ರಲ್ಲಿ ಬಂದ ಕ್ವಾಡ್ ಎಲೆಕ್ಟ್ರೋಸ್ಟ್ಯಾಟಿಕ್ ಸ್ಪೀಕರ್‌ನಲ್ಲಿ ಕೋನ್ ಬದಲು ತೆಳು ಹಾಳೆ ಇದೆ, ಒಳಗೆ ಸಾವಿರಾರು ವೋಲ್ಟ್ ಇರುತ್ತದೆ. ಪ್ಲಗ್ ತೆಗೆದ ಮೇಲೂ ಅದು ಸ್ವಲ್ಪ ಹೊತ್ತು ಉಳಿಯಬಹುದು, ಹಾಗಾಗಿ ಮನೆಯಲ್ಲಿ ಬಿಚ್ಚಲೇಬೇಡಿ. 1974ರ ಯಮಹಾ ಎನ್‌ಎಸ್-1000ಎಂ ಸ್ಪೀಕರ್‌ನ ಸಣ್ಣ ಗುಮ್ಮಟಗಳು ಬೆರಿಲಿಯಂ ಲೋಹದವು. ಹಾಗೇ ಇದ್ದರೆ ತೊಂದರೆಯಿಲ್ಲ. ಒಡೆದಿದ್ದರೆ ಅದರ ಪುಡಿ ಉಸಿರಾಟದಲ್ಲಿ ಹೋದರೆ ಶ್ವಾಸಕೋಶಕ್ಕೆ ಅಪಾಯ. ಬರಿಗೈಯಲ್ಲಿ ಮುಟ್ಟುವುದು, ಗುಡಿಸುವುದು, ಊದುವುದು ಬೇಡ.

"ಗೋಡೆಯಿಂದ ಮೂರು ಅಡಿ ದೂರ ಇಡಲೇಬೇಕು": ನಿಜವೇ?

ಎಲ್ಲ ಸ್ಪೀಕರ್‌ಗೂ ನಿಜವಲ್ಲ. ಪ್ರತಿ ಹಳೆಯ ಸ್ಪೀಕರ್ ಅನ್ನೂ ಒಂದು ಜಾಗವನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡಿದ್ದಾರೆ.

ಅಮೆರಿಕದ ಪಾಲ್ ಕ್ಲಿಪ್ಷ್ 1946ರಲ್ಲಿ ಮಾರಾಟಕ್ಕೆ ತಂದ ಕ್ಲಿಪ್ಷ್‌ಹಾರ್ನ್ ಕೋಣೆಯ ಮೂಲೆಗೆಂದೇ ಹುಟ್ಟಿದ್ದು. ಮೂಲೆಯ ಎರಡು ಗೋಡೆಗಳೇ ಅದರ ಕಹಳೆಯ ಮುಂದುವರಿಕೆ. ಅದನ್ನು ಗೋಡೆಯಿಂದ ದೂರ ಎಳೆದರೆ ಬೇಸ್ ಸೊರಗುತ್ತದೆ. ಅಕೌಸ್ಟಿಕ್ ರಿಸರ್ಚ್ ಸಂಸ್ಥೆಯ 1967ರ ಎಆರ್-3ಎ ಪುಸ್ತಕದ ಕಪಾಟಿನ ಮೇಲೆ, ಗೋಡೆಯ ಆಸರೆಯಲ್ಲಿ ಇಡುವ ಜಾತಿಯದು. ಬಿಬಿಸಿಯ ಎಂಜಿನಿಯರ್‌ಗಳು ಎಪ್ಪತ್ತರ ದಶಕದಲ್ಲಿ ರೂಪಿಸಿದ ಪುಟ್ಟ ಎಲ್‌ಎಸ್3/5ಎ ಪ್ರಸಾರದ ವ್ಯಾನಿನಂತಹ ಇಕ್ಕಟ್ಟಿನ ಜಾಗದಲ್ಲಿ ಹತ್ತಿರದಿಂದ ಕೇಳುವುದಕ್ಕೆ. ಮನೆಯಲ್ಲಿ ಅದನ್ನು ಸ್ಟ್ಯಾಂಡ್ ಮೇಲೆ, ಸುತ್ತ ಜಾಗ ಬಿಟ್ಟು ಇಡುವುದು ರೂಢಿ. ಕ್ವಾಡ್ ಮುಂದಕ್ಕೆ ಹೊಮ್ಮಿಸುವಷ್ಟೇ ದನಿಯನ್ನು ಹಿಂದಕ್ಕೂ ಹೊಮ್ಮಿಸುವುದರಿಂದ ಅದಕ್ಕೆ ಹಿಂದೆ ಜಾಗ ಬೇಕೇ ಬೇಕು.

ಗೋಡೆ ಮಾಡುವ ಕಿತಾಪತಿ ಏನು? ಲೆಕ್ಕ ಸರಳ. ಕೋನ್ ಗೋಡೆಯಿಂದ 1 ಮೀಟರ್ ಮುಂದಿದೆ ಎನ್ನಿ. ಹಿಂದಕ್ಕೆ ಹೋದ ದನಿ ಗೋಡೆಗೆ ಬಡಿದು ಬರುವಾಗ 2 ಮೀಟರ್ ಹೆಚ್ಚು ಸಾಗಿರುತ್ತದೆ. ದನಿಯ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅಂದರೆ 86 ಹರ್ಟ್ಜ್‌ನ ಅಲೆಯ ಉದ್ದ ಸುಮಾರು 4 ಮೀಟರ್. 2 ಮೀಟರ್ ಎಂದರೆ ಸರಿಯಾಗಿ ಅರ್ಧ ಅಲೆ. ನೇರ ಬಂದ ಅಲೆಯ ಉಬ್ಬಿಗೆ ಗೋಡೆಯಿಂದ ಮರಳಿದ ಅಲೆಯ ತಗ್ಗು ಎದುರಾಗಿ, ಆ ಸ್ವರ ಕುಗ್ಗುತ್ತದೆ. ದೂರ ಅರ್ಧ ಮೀಟರ್ ಆದರೆ ಕುಗ್ಗುವ ಸ್ವರ ಸುಮಾರು 171 ಹರ್ಟ್ಜ್‌ಗೆ ಏರುತ್ತದೆ. ಮೂಲೆಗೆ ತಳ್ಳಿದರೆ ಇನ್ನೊಂದು ಬಗೆ: ಗೋಡೆ, ನೆಲಗಳು ಬೇಸನ್ನೆಲ್ಲ ಒಂದೇ ಕಡೆ ದೂಡಿ ಅದು ಗುಮ್ಮೆನ್ನುತ್ತದೆ.

ಆದ್ದರಿಂದ ನಿಮ್ಮ ಮಾದರಿಗೆ ತಯಾರಕರು ಹೇಳಿದ ಜಾಗದಿಂದ ಶುರುಮಾಡಿ, ಒಂದು ಸಲಕ್ಕೆ ಗೇಣಷ್ಟು ಸರಿಸಿ ಕೇಳಿ. ನೀವು ಕೂರುವ ಜಾಗವೂ ಹಿಂದಿನ ಗೋಡೆಗೆ ಅಂಟಿಕೊಂಡಿರಬಾರದು. ನಮ್ಮ ಮನೆಗಳ ಟೈಲ್ಸ್ ನೆಲ, ಬರಿ ಗೋಡೆಗಳಿಗೆ ದನಿ ಬಡಿದು ಚಿಮ್ಮುತ್ತದೆ. ಮುಂದೊಂದು ಜಮಖಾನ, ಕಿಟಕಿಗೆ ದಪ್ಪ ಪರದೆ, ಪುಸ್ತಕದ ಕಪಾಟು ಇದ್ದರೆ ಕೆಲವೊಮ್ಮೆ ಹೊಸ ಸ್ಪೀಕರ್ ಕೊಂಡಷ್ಟೇ ಬದಲಾವಣೆ ಗೊತ್ತಾಗುತ್ತದೆ.

ಟೇಪು ಹಿಡಿದು ಅಳೆಯಬೇಕೇ?

ಹೌದು, ಅಳೆಯಲೇಬೇಕು. ಎರಡು ಸ್ಪೀಕರ್ ಮತ್ತು ನೀವು ಕೂರುವ ಕುರ್ಚಿ ಸುಮಾರಾಗಿ ಸಮಬಾಹು ತ್ರಿಕೋನವಾಗಿರಲಿ. ಸಣ್ಣ ಸ್ಪೀಕರ್ ಅಂದರೆ ಟ್ವೀಟರ್ ಕಿವಿಯ ಎತ್ತರಕ್ಕೆ ಬರಲಿ. ಎರಡೂ ಸ್ಪೀಕರ್‌ಗಳಿಂದ ಕುರ್ಚಿಗೆ ದೂರ ಸಮವಾಗಿರಲಿ, ವ್ಯತ್ಯಾಸ ಒಂದೆರಡು ಸೆಂಟಿಮೀಟರ್‌ಗಿಂತ ಹೆಚ್ಚಬಾರದು. ಒಂದು 30 ಸೆಂ.ಮೀ. ಹತ್ತಿರವಿದ್ದರೆ ಅದರ ದನಿ ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಮೊದಲು ಬರುತ್ತದೆ. ನಮ್ಮ ಮಿದುಳಿಗೆ ಅಷ್ಟು ಸಾಕು, ಹಾಡುವವರು ಆ ಕಡೆಯೇ ನಿಂತಿದ್ದಾರೆ ಎಂದು ತೀರ್ಮಾನಿಸಿಬಿಡುತ್ತದೆ.

ಹಾಗಾದರೆ ದನಿ ವಾಲುವುದಕ್ಕೆ ಕಾರಣ ಯಾವುದು?

ಈಗ ಮುಖ್ಯ ಪರೀಕ್ಷೆ. ಖರ್ಚು ಏನೂ ಇಲ್ಲ, ಅರ್ಧ ಗಂಟೆ ಸಾಕು. ಫೋನಿನ ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ ವಿಭಾಗದಲ್ಲಿ 'ಮೊನೊ ಆಡಿಯೊ' ಆನ್ ಮಾಡಿ. ಅಲ್ಲೇ ಎಡ-ಬಲದ ಬ್ಯಾಲೆನ್ಸ್ ಗೆರೆಯೂ ಇರುತ್ತದೆ, ಅದು ನಡುವೆ ಇದೆಯೇ ನೋಡಿ. ಎಂದೋ ಕೈತಾಗಿ ಸರಿದಿರಬಹುದು. ಆಂಪ್ಲಿಫೈಯರ್‌ನ ಬ್ಯಾಲೆನ್ಸ್ ಗುಂಡಿಯೂ ನಡುವಿರಲಿ. ಬಳಿಕ ಒಬ್ಬರೇ ಮಾತಾಡುವ ವಾರ್ತೆ ಹಾಕಿ ಕುರ್ಚಿಯಲ್ಲಿ ಕುಳಿತುಕೊಳ್ಳಿ. ದನಿ ಎರಡು ಸ್ಪೀಕರ್‌ಗಳ ಸರಿಯಾದ ನಡುವಿನಿಂದ ಬರಬೇಕು. ವೈರು ಕಿತ್ತು ಬದಲಿಸುವಾಗಲೆಲ್ಲ ಆಂಪ್ಲಿಫೈಯರ್ ಆಫ್ ಇರಲಿ.

1. ದನಿ ನಡುವೆ ನಿಲ್ಲದೆ ಎಲ್ಲೆಲ್ಲೋ ಹರಡಿ, ಬೇಸ್ ಮಾಯವಾಗಿದೆಯೇ? ಒಂದು ಸ್ಪೀಕರ್‌ನ ಪ್ಲಸ್-ಮೈನಸ್ ತಿರುಗುಮುರುಗಾಗಿರಬಹುದು. ಒಂದು ಕೋನ್ ಮುಂದೆ ಬರುವಾಗ ಇನ್ನೊಂದು ಹಿಂದೆ ಹೋಗುತ್ತಿದೆ. ಒಂದೇ ಸ್ಪೀಕರ್‌ನ ಎರಡು ವೈರುಗಳನ್ನು ಅದಲುಬದಲು ಮಾಡಿ ಕೇಳಿ. ದನಿ ಒಂದೇ ಬಿಂದುವಿಗೆ ಬಂದು ಬೇಸ್ ತುಂಬಿದ ಜೋಡಣೆಯೇ ಸರಿ.

2. ದನಿ ಎಡಕ್ಕೆ ವಾಲಿದೆಯೇ? ಕುರ್ಚಿಯನ್ನು ತಿರುಗಿಸಿ, ಸ್ಪೀಕರ್‌ಗಳಿಗೆ ಬೆನ್ನು ಹಾಕಿ ಕುಳಿತುಕೊಳ್ಳಿ. ದನಿ ಈಗ ನಿಮ್ಮ ಬಲಗಿವಿಯ ಕಡೆಗೆ ಹೋದರೆ ತಪ್ಪು ಹೊರಗಿದೆ. ಆಗಲೂ ಎಡಗಿವಿಯ ಕಡೆಗೇ ವಾಲಿದರೆ ತಪ್ಪು ಸ್ಪೀಕರ್‌ದಲ್ಲ, ಬಲಗಿವಿಗೆ ಕಡಿಮೆ ಕೇಳುತ್ತಿರಬಹುದು.

3. ತಪ್ಪು ಹೊರಗಿದ್ದರೆ, ಆಂಪ್ಲಿಫೈಯರ್‌ನ ಹಿಂದೆ ಎಡ-ಬಲ ಸ್ಪೀಕರ್‌ಗಳ ವೈರುಗಳನ್ನು ಅದಲುಬದಲು ಮಾಡಿ. ವಾಲಿಕೆ ಬಲಕ್ಕೆ ಬಂದರೆ ದೋಷ ಆಂಪ್ಲಿಫೈಯರ್‌ನಲ್ಲಿ ಅಥವಾ ಅದಕ್ಕೂ ಹಿಂದೆ. ಎಡಕ್ಕೇ ಉಳಿದರೆ ಸ್ಪೀಕರ್, ಅದರ ವೈರು ಅಥವಾ ಕೋಣೆ. ವೈರುಗಳನ್ನು ಮತ್ತೆ ಮೊದಲಿನಂತೆ ಹಾಕಿ.

4. ಕೊನೆಗೆ ಎರಡು ಪೆಟ್ಟಿಗೆಗಳ ಜಾಗ ಬದಲಿಸಿ. ವಾಲಿಕೆಯೂ ಪೆಟ್ಟಿಗೆಯ ಜತೆ ಹೋದರೆ ದೋಷ ಪೆಟ್ಟಿಗೆಯದು. ಎಡಕ್ಕೇ ಉಳಿದರೆ ಕೋಣೆಯದು ಅಥವಾ ಆ ಕಡೆಯ ವೈರಿನದು. ಒಂದು ಕಡೆ ಬರಿ ಗೋಡೆ, ಇನ್ನೊಂದು ಕಡೆ ತೆರೆದ ಬಾಗಿಲು ಇದ್ದರೆ ಹೀಗಾಗುತ್ತದೆ. ಜಾಗ ಬದಲಿಸಲು ಆಗದಿದ್ದರೆ ಬ್ಯಾಲೆನ್ಸ್ ಗುಂಡಿ ಸ್ವಲ್ಪ ತಿರುಗಿಸಿ. ಅದು ಇರುವುದೇ ಅದಕ್ಕೆ.

ಕಿವಿಯ ವಿಷಯವನ್ನು ತಮಾಷೆಗೆ ಹೇಳುತ್ತಿಲ್ಲ. ವಯಸ್ಸಾದಂತೆ ತೀಕ್ಷ್ಣ ಸ್ವರಗಳು ಮೊದಲು ಮಸುಕಾಗುತ್ತವೆ. "ಟ್ವೀಟರ್ ಮಂಕಾಗಿದೆ" ಎಂದು ಅಜ್ಜ ಹೇಳುವಾಗ ಮೊಮ್ಮಗಳಿಗೆ ಸರಿಯಾಗಿಯೇ ಕೇಳುತ್ತಿರಬಹುದು. ಒಂದು ಕಿವಿ ಮಂದವಾಗಿದ್ದರೆ ಗುಗ್ಗೆ ಕಟ್ಟಿರುವುದೂ ಕಾರಣವಿರಬಹುದು. ಆದರೆ ಒಂದು ಕಿವಿ ಇದ್ದಕ್ಕಿದ್ದಂತೆ, ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ಕೇಳಿಸದಂತಾದರೆ ಅದು ತುರ್ತು ಸ್ಥಿತಿ. ಕಿವಿ-ಮೂಗು-ಗಂಟಲು ವೈದ್ಯರನ್ನು ತಡಮಾಡದೆ ನೋಡಬೇಕು. ಚಿಕಿತ್ಸೆ ಬೇಗ ಶುರುವಾದಷ್ಟೂ ಒಳ್ಳೆಯದು.

"ಕೆಪಾಸಿಟರ್ ಎಲ್ಲ ಬದಲಿಸಿ": ಯಾವಾಗ ಸರಿ?

ಪೆಟ್ಟಿಗೆಯದೇ ದೋಷ ಎಂದು ಖಚಿತವಾದ ಮೇಲೂ ಮೊದಲು ಹಿಂಬದಿ ನೋಡಿ. ಎಆರ್-3ಎ ಸೇರಿದಂತೆ ಆ ಕಾಲದ ಹಲವು ಸ್ಪೀಕರ್‌ಗಳ ಹಿಂದೆ, ನಡು ಸ್ವರ ಮತ್ತು ತೀಕ್ಷ್ಣ ಸ್ವರಗಳನ್ನು ಏರಿಳಿಸುವ ಎರಡು ಗುಂಡಿಗಳಿವೆ. ದಶಕಗಳ ಕಿಲುಬು ಹಿಡಿದು ಅವುಗಳ ಸಂಪರ್ಕ ತಪ್ಪಿದರೆ, ಟ್ವೀಟರ್ ಸತ್ತಂತೆಯೇ ಕೇಳುತ್ತದೆ. ಆಂಪ್ಲಿಫೈಯರ್ ಆಫ್ ಮಾಡಿ, ಗುಂಡಿಯನ್ನು ಈ ತುದಿಯಿಂದ ಆ ತುದಿಗೆ ಹತ್ತಾರು ಸಲ ತಿರುಗಿಸಿ. ಟ್ವೀಟರ್ ಮರಳಿ ಬಂದರೆ ಗುಂಡಿಯನ್ನು ಶುಚಿ ಮಾಡಿಸಿದರಾಯಿತು. ಎರಡೂ ಪೆಟ್ಟಿಗೆಗಳ ಗುಂಡಿ ಒಂದೇ ಗುರುತಿನಲ್ಲಿದೆಯೇ ಎಂಬುದನ್ನೂ ನೋಡಿ.

ಆಮೇಲೆ ಕೆಪಾಸಿಟರ್ ಸರದಿ. ಸಲಹೆಯಲ್ಲಿ ಸ್ವಲ್ಪ ನಿಜವಿದೆ: ಹಳೆಯ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ಒಣಗುತ್ತವೆ, ಟ್ವೀಟರ್‌ಗೆ ಹೋಗುವ ದನಿ ಕುಂದುತ್ತದೆ. ಆದರೆ ಅಳೆದು, ಅದೇ ಬೆಲೆಯದನ್ನೇ, ಎರಡೂ ಪೆಟ್ಟಿಗೆಗಳಿಗೆ ಹಾಕಿಸಬೇಕು. ದುಬಾರಿಯದು ಹಾಕಿದರೆ ಇನ್ನೂ ಚೆನ್ನ ಎಂದೇನಿಲ್ಲ. ಫಿಲ್ಮ್ ಕೆಪಾಸಿಟರ್‌ನ ಒಳರೋಧ ಕಡಿಮೆ. ಅದರಿಂದ ಟ್ವೀಟರ್ ಮೂಲಕ್ಕಿಂತ ಜೋರಾಗಿ, ಸ್ಪೀಕರ್‌ನ ಸ್ವಭಾವವೇ ಬದಲಾಗಬಹುದು. ತೆಗೆದ ಹಳೆಯ ಭಾಗಗಳನ್ನು ಎಸೆಯದೆ ಇಟ್ಟುಕೊಳ್ಳಿ.

"ಚಿನ್ನದ ಲೇಪನದ ಕೇಬಲ್": ಬೇಕೇ?

ಬೇಡ. ವಿದ್ಯುತ್ ಹರಿಸುವುದರಲ್ಲಿ ಚಿನ್ನ ತಾಮ್ರಕ್ಕಿಂತ ಹಿಂದೆ. ಚಿನ್ನದ ಲಾಭ ಒಂದೇ, ಅದು ಕಿಲುಬು ಹಿಡಿಯುವುದಿಲ್ಲ. ವೈರಿನ ತುದಿಯನ್ನು ಆಗಾಗ ಕೆರೆದು ಬಿಗಿಯಾಗಿ ಸಿಕ್ಕಿಸಿದರೆ ಆ ಕೆಲಸ ಆಗುತ್ತದೆ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ 1.5 ಚದರ ಮಿ.ಮೀ. ತಾಮ್ರದ ವೈರು 5 ಮೀಟರ್ ಎಳೆದರೆ, ಹೋಗಿ ಬರುವ ಒಟ್ಟು ರೋಧ ಸುಮಾರು 0.12 ಓಮ್. 8 ಓಮ್‌ನ ಸ್ಪೀಕರ್ ಎದುರು ಇದು ಕಿವಿಗೆ ಗೊತ್ತಾಗುವಷ್ಟಲ್ಲ. ಎಆರ್-3ಎ ತರಹದ 4 ಓಮ್‌ನದಾದರೆ 2.5 ಚದರ ಮಿ.ಮೀ. ವೈರು ಹಾಕಿ.

"ಸಣ್ಣ ಆಂಪ್ಲಿಫೈಯರ್ ಸ್ಪೀಕರ್ ಸುಡುವುದಿಲ್ಲ": ಸುಳ್ಳು

ಶಕ್ತಿ ಮೀರಿ ವಾಲ್ಯೂಮ್ ಏರಿಸಿದರೆ ಸಣ್ಣ ಆಂಪ್ಲಿಫೈಯರ್ ಅಲೆಯ ತುದಿಗಳನ್ನು ಕತ್ತರಿಸತೊಡಗುತ್ತದೆ. ಆಗ ಮೂಲದಲ್ಲಿ ಇಲ್ಲದ ತೀಕ್ಷ್ಣ ಸ್ವರಗಳು ಹುಟ್ಟಿ, ಸೂಕ್ಷ್ಮವಾದ ಟ್ವೀಟರ್ ಬಿಸಿಯಾಗಿ ಸುಡಬಹುದು. ಹಳೆಯ ಟ್ವೀಟರ್‌ಗೆ ಬದಲಿ ಸಿಗುವುದು ಕಷ್ಟ. ದನಿ ಒರಟಾಯಿತು ಎನಿಸಿದ ಕೂಡಲೇ ವಾಲ್ಯೂಮ್ ಇಳಿಸಿ. ಇದು ನಿಮ್ಮ ಕಿವಿಗೂ ಒಳ್ಳೆಯದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ ಸುರಕ್ಷಿತ ಮಿತಿ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ.

ಫಾರ್ವರ್ಡ್ ಮಾಡುವ ಮುನ್ನ

ಮನೆಯ ಗ್ರೂಪಿಗೆ ಕಳಿಸುವುದಿದ್ದರೆ ಈ ಸಾಲುಗಳು ಸಾಕು: ಮೊದಲು ಫೋಮ್ ನೋಡಿ. ಪ್ಲಸ್-ಮೈನಸ್ ನೋಡಿ. ಟೇಪಿನಲ್ಲಿ ದೂರ ಅಳೆಯಿರಿ. ಬೆನ್ನು ತಿರುಗಿಸಿ ಕಿವಿ ಪರೀಕ್ಷಿಸಿ. ವೈರು ಬದಲಿಸಿ, ಪೆಟ್ಟಿಗೆ ಬದಲಿಸಿ, ತಪ್ಪು ಎಲ್ಲಿದೆ ಎಂದು ಹಿಡಿಯಿರಿ. ಹಿಂದಿನ ಗುಂಡಿ ತಿರುಗಿಸಿ. ಸ್ಕ್ರೂಡ್ರೈವರ್ ಮತ್ತು ಪರ್ಸ್ ಹೊರಬರುವುದು ಇವೆಲ್ಲ ಆದ ಮೇಲೆ.