ನಿಮಗಿದು ಗೊತ್ತೆ? ಡಿಎನ್‌ಎಗೂ ನಾಲ್ಕೆಳೆಯ ಗಂಟು!

ನಮ್ಮ ಜೀವಕೋಶದ ಡಿಎನ್‌ಎ ಸದಾ ಎರಡೆಳೆಯ ಸುರುಳಿಯಾಗಿಯೇ ಇರುವುದಿಲ್ಲ. ಅಲ್ಲಲ್ಲಿ ಅದರ ಒಂದೆಳೆ ತನ್ನ ಮೇಲೆ ತಾನೇ ಮಡಚಿಕೊಂಡು ನಾಲ್ಕೆಳೆಯ ಗಂಟಾಗುತ್ತದೆ! ಇದರ ಹೆಸರು ಜಿ-ಕ್ವಾಡ್ರುಪ್ಲೆಕ್ಸ್.

ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಒಂದಾದ ಗ್ವಾನಿನ್ ಒತ್ತೊತ್ತಾಗಿ ಬರುವ ಕಡೆ ಈ ಗಂಟು ಬೀಳುತ್ತದೆ. ನಾಲ್ಕು ಗ್ವಾನಿನ್ ಸೇರಿ ಒಂದು ಚೌಕ. ಇಂಥ ಚೌಕಗಳು ದೋಸೆಗಳ ಹಾಗೆ ಒಂದರ ಮೇಲೊಂದು ಕೂರುತ್ತವೆ. ನಡುವೆ ನಿಂತು ಅವನ್ನು ಬಿಗಿಹಿಡಿಯುವುದು ಪೊಟ್ಯಾಸಿಯಂ. ಹೌದು, ಎಳನೀರಿನಲ್ಲಿರುವ ಅದೇ ಪೊಟ್ಯಾಸಿಯಂ!

ಈ ಚೌಕದ ರಚನೆ 1962ರಲ್ಲೇ ಪ್ರಯೋಗಾಲಯದಲ್ಲಿ ತಿಳಿದಿತ್ತು. ಮನುಷ್ಯನ ಜೀವಕೋಶದೊಳಗೆ ಗಂಟನ್ನು ಸ್ಪಷ್ಟವಾಗಿ ತೋರಿಸಿದ್ದು 2013ರಲ್ಲಿ, ಚೆನ್ನೈನಲ್ಲಿ ಹುಟ್ಟಿದ ಕೇಂಬ್ರಿಜ್ ವಿಜ್ಞಾನಿ ಶಂಕರ್ ಬಾಲಸುಬ್ರಮಣಿಯನ್ ಅವರ ತಂಡ. ಡಿಎನ್‌ಎ ನಕಲಾಗುವ ಹೊತ್ತಿನಲ್ಲಿ ಗಂಟುಗಳು ಹೆಚ್ಚಾಗಿ ಕಂಡವು.

ಇದು ಬರಿಯ ಸಿಕ್ಕಲ್ಲ, ಜೀನಿನ ಕೆಲಸವನ್ನು ಹತೋಟಿಯಲ್ಲಿಡುವ ಬಿರಡೆಯೂ ಹೌದು. ಅನೇಕ ಕ್ಯಾನ್ಸರ್‌ಗಳಲ್ಲಿ ಮಿತಿಮೀರಿ ದುಡಿಯುವ 'ಮಿಕ್' ಜೀನಿನ ಬಾಗಿಲಲ್ಲೇ ಇಂಥದೊಂದು ಗಂಟು ಬೀಳುತ್ತದೆ. ಅದನ್ನು ರಾಸಾಯನಿಕದಿಂದ ಬಿಗಿಗೊಳಿಸಿದರೆ ಜೀನಿನ ಅಬ್ಬರ ತಗ್ಗುತ್ತದೆ ಎಂದು ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 2002ರಲ್ಲಿ ತೋರಿಸಿದರು.